ರುಬ್ಬುವ ಕಲ್ಲು ಮತ್ತು ಕೈಯ ಅಳತೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮಹಾನಗರಗಳಿಗೆ ಬಂದ ಕನ್ನಡಿಗರು ತಮ್ಮ ಜೊತೆಯಲ್ಲಿ ಏನೇನನ್ನು ತಂದರು ಎಂಬ ವಿಷಯವಾಗಿ ನಮ್ಮ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಲೇಖನಗಳಿಗೆ ಕೊರತೆಯಿಲ್ಲ. ಯಕ್ಷಗಾನ ಬಂತು, ಭಜನೆ ಬಂತು, ನಾಟಕ ಬಂತು, ರಾತ್ರಿಶಾಲೆಗಳು ಹುಟ್ಟಿಕೊಂಡವು. ಇವೆಲ್ಲ ಬರೆದಿಡಬೇಕಾದ ಸಂಗತಿಗಳೇ. ಆದರೆ ಇವೆಲ್ಲಕ್ಕೂ ಮೊದಲು, ನಮ್ಮವರಲ್ಲಿ ಸಾವಿರಾರು ಮಂದಿಗೆ ಈ ನಗರಗಳಲ್ಲಿ ಕಾಲೂರಲು ನೆಲ ಕೊಟ್ಟದ್ದು ಅಡುಗೆಮನೆಯ ಮೂಲೆಯಲ್ಲಿ ಕುಳಿತು ಕಲಿತ ಒಂದು ವಿದ್ಯೆ. ಅದಕ್ಕೆ ಶಾಲೆಯಿರಲಿಲ್ಲ, ಪಠ್ಯಪುಸ್ತಕವಿರಲಿಲ್ಲ, ಪ್ರಶಸ್ತಿಪತ್ರವಂತೂ ಇರಲೇ ಇಲ್ಲ. ಅದು ರುಬ್ಬುವ ಕಲ್ಲಿನ ವಿದ್ಯೆ.

ಈಗ ಆ ಕಲ್ಲು ಎಲ್ಲಿದೆ ಎಂದು ಹುಡುಕಿದರೆ ಊರಿನ ಹಳೆಯ ಮನೆಯ ಹಿತ್ತಲಲ್ಲಿ ಮಳೆನೀರು ತುಂಬಿಕೊಂಡು ಕುಳಿತಿರುತ್ತದೆ. ಅಥವಾ ಪೇಟೆಯ ಹೊಸ ಹೋಟೆಲಿನ ಬಾಗಿಲಲ್ಲಿ ಅಲಂಕಾರಕ್ಕೆ ನಿಂತಿರುತ್ತದೆ. ಅದಕ್ಕಾಗಿ ಮರುಗುವುದು ಈ ಲೇಖನದ ಉದ್ದೇಶವಲ್ಲ. ಆ ಕಲ್ಲಿನ ಮುಂದೆ ಬೆನ್ನು ಬಾಗಿಸಿದವರನ್ನು ಕೇಳಿದರೆ ಯಂತ್ರ ಬಂದದ್ದು ಒಳ್ಳೆಯದೇ ಆಯಿತು ಎಂದಾರು. ನಮ್ಮ ಮುಂದಿರುವ ಪ್ರಶ್ನೆ ಬೇರೆ. ಕಲ್ಲು ಹೋಗುವಾಗ ಅದರ ಜೊತೆಗಿದ್ದ ಕೈಯ ಅಳತೆಯೂ ಆ ಅಳತೆಯನ್ನು ಹೇಳುವ ಮಾತುಗಳೂ ಹೋಗಲೇಬೇಕೆ?

ನಾಲ್ಕು ಕಲ್ಲು, ಹಲವು ಮಾತು

ಒಂದು ಕಾಲದಲ್ಲಿ ಅನುಕೂಲವಾಗಿದ್ದ ಕನ್ನಡದ ಮನೆಯಲ್ಲಿ ಒಂದಲ್ಲ, ನಾಲ್ಕು ಕಲ್ಲುಗಳಿದ್ದವು. ಮೊದಲನೆಯದು ನೆಲದಲ್ಲಿ ಹೂತ ಒರಳು. ಅದರಲ್ಲಿ ಒನಕೆಯಿಂದ ಭತ್ತ, ಅವಲಕ್ಕಿ, ಮೆಣಸಿನಪುಡಿ ಕುಟ್ಟುವುದು. ಎರಡನೆಯದು ಬೀಸುವ ಕಲ್ಲು. ಕೆಳಗೊಂದು ಮೇಲೊಂದು ದುಂಡು ಹಾಸು, ನಡುವೆ ಗೂಟ, ಅಂಚಿನಲ್ಲಿ ಹಿಡಿ. ರಾಗಿ, ಜೋಳ, ಗೋಧಿಯ ಹಿಟ್ಟು ಅಲ್ಲಿಂದ. ಮೂರನೆಯದು ಚಪ್ಪಟೆಯಾದ ಅರೆಯುವ ಕಲ್ಲು. ಉದ್ದನೆಯ ಗುಂಡನ್ನು ಹಿಂದೆ ಮುಂದೆ ತಳ್ಳುತ್ತ ಮಸಾಲೆ ಅರೆಯಲು. ನಾಲ್ಕನೆಯದು ನಮ್ಮ ಕಥಾನಾಯಕನಾದ ರುಬ್ಬುವ ಕಲ್ಲು. ನಡುವೆ ಕುಳಿ, ಕುಳಿಯೊಳಗೆ ತಿರುಗುವ ಗುಂಡು. ಘಟ್ಟದ ಕೆಳಗೆ ಇದನ್ನೇ ಕಡೆಯುವ ಕಲ್ಲು ಎನ್ನುತ್ತಾರೆ. ಉತ್ತರ ಕರ್ನಾಟಕದವರ ಬಾಯಲ್ಲಿ ಒಳಕಲ್ಲು ಎಂಬ ಮಾತಿದೆ.

ಕಲ್ಲಿಗೊಂದು ಕ್ರಿಯಾಪದವಿರುವುದನ್ನು ವಾಚಕರು ಗಮನಿಸಬೇಕು. ಕುಟ್ಟು, ಬೀಸು, ಅರೆ, ರುಬ್ಬು, ಕಡೆ; ಜೊತೆಗೆ ಜಜ್ಜು, ನುರಿ, ತಿರುವು. ಇವು ಒಂದರ ಬದಲು ಇನ್ನೊಂದನ್ನು ಇಡಬಹುದಾದ ಮಾತುಗಳಲ್ಲ. ಶುಂಠಿಯನ್ನು ಕಷಾಯಕ್ಕೆ ಜಜ್ಜುತ್ತೇವೆ, ಮಸಾಲೆಗೆ ಅರೆಯುತ್ತೇವೆ. ಕೆಲಸ ಬೇರೆ, ರುಚಿ ಬೇರೆ, ಆದುದರಿಂದ ಹೆಸರು ಬೇರೆ. ಹಾಗೆಯೇ ಆದ ಕೆಲಸದ ಹದಕ್ಕೂ ಹೆಸರುಗಳಿವೆ: ತರಿತರಿ, ರವೆರವೆ, ನುಣ್ಣಗೆ, ಬೆಣ್ಣೆಯ ಹಾಗೆ. ಮಗಳಿಗೆ ತಾಯಿ ಹೇಳಿಕೊಟ್ಟದ್ದು ಈ ಮಾತುಗಳಲ್ಲಿ. ಸೇರು ಪಾವಿನ ಲೆಕ್ಕ ಇತ್ತು, ನಿಜ. ಆದರೆ ಯಾವಾಗ ನಿಲ್ಲಿಸಬೇಕೆಂಬುದನ್ನು ಸೇರು ಪಾವು ಹೇಳುವುದಿಲ್ಲ.

ಬಳ್ಳಾರಿಯ ಬಂಡೆಗಳಿಂದ ಮಂಗರಸನವರೆಗೆ

ಈ ವಿದ್ಯೆ ಎಷ್ಟು ಹಳೆಯದು? ಬಳ್ಳಾರಿಯ ಪಕ್ಕದ ಸಂಗನಕಲ್ಲು ಗುಡ್ಡಗಳಲ್ಲಿ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ನವಶಿಲಾಯುಗದ ಜನ ವಾಸವಾಗಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಆ ಸೀಮೆಯ ಕಲ್ಲಿನ ಆಯುಧಗಳನ್ನು ಲೋಕಕ್ಕೆ ಪರಿಚಯಿಸಿದ. ಅಲ್ಲಿ ಕೊಡಲಿ ಮಸೆದ ಗುರುತುಗಳ ಜೊತೆಗೆ ಕಾಳು ಅರೆದ ಬಂಡೆಗಳೂ ಇವೆ. ಉಜ್ಜಿ ಉಜ್ಜಿ ನಡು ಸವೆದು ದೋಣಿಯಂತೆ ತಗ್ಗಾದವು. ಮಣ್ಣಿನಿಂದ ಸೋಸಿ ತೆಗೆದ ಕರಕಲು ಕಾಳುಗಳನ್ನು ಪರೀಕ್ಷಿಸಿದ ವಿದ್ವಾಂಸರು ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯಗಳನ್ನು ಗುರುತಿಸಿದ್ದಾರೆ. ಅಂದರೆ ನಮ್ಮ ನಾಡಿನಲ್ಲಿ ಬರೆಯುವ ವಿದ್ಯೆ ಬರುವುದಕ್ಕೆ ಸಾವಿರ ವರ್ಷಗಳಿಗೂ ಮೊದಲು ಅರೆಯುವ ವಿದ್ಯೆ ಇತ್ತು. ತಿರುಗುವ ಬೀಸುಕಲ್ಲು ಬಂದದ್ದು ಬಹು ಕಾಲದ ಮೇಲೆ.

ಅಕ್ಷರ ಬಂದ ಮೇಲೆ ಅಡುಗೆಯೂ ಪುಸ್ತಕ ಸೇರಿತು. ಹತ್ತನೆಯ ಶತಮಾನದ ಸುಮಾರಿನ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ೧೦೨೫ರ ಸುಮಾರಿಗೆ ಚಾಲುಕ್ಯರ ಆಶ್ರಯದಲ್ಲಿದ್ದ ಚಾವುಂಡರಾಯ ‘ಲೋಕೋಪಕಾರ’ವೆಂಬ ಗ್ರಂಥ ಬರೆದು ಅದರ ಒಂದು ಅಧ್ಯಾಯವನ್ನು ಅಡುಗೆಗೇ ಮೀಸಲಿಟ್ಟ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿ, ಇಂಗು, ಜೀರಿಗೆ, ಕೊತ್ತುಂಬರಿ, ಮೆಣಸು ಬೆರೆಸಿ ಇಡ್ಡಲಿಗೆ ಮಾಡುವ ಕ್ರಮ ಅದರಲ್ಲಿದೆ. ಮುಂದೆ ೧೧೩೦ರ ಸುಮಾರಿಗೆ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲೂ ಉದ್ದಿನ ಹಿಟ್ಟಿನ ಇಡ್ಡರಿಕೆ ಇದೆ, ದೋಸೆಯ ಪೂರ್ವಜನಾದ ಧೋಸಕವೂ ಇದೆ. ಈ ಹಳೆಯ ಇಡ್ಡಲಿಗೆಗಳಲ್ಲಿ ಅಕ್ಕಿಯಿಲ್ಲ. ರಾತ್ರಿಯಿಡೀ ಹುದುಗಿಸುವ ಮಾತಿಲ್ಲ. ಅಕ್ಕಿ ಉದ್ದು ಬೆರೆತು, ಹುಳಿ ಬಂದು, ಹಬೆಯಲ್ಲಿ ಬೇಯುವ ಇಂದಿನ ಇಡ್ಲಿ ಆಮೇಲಿನದು. ಹುದುಗು ಹಬೆಗಳು ಹೊರನಾಡಿನಿಂದ ಬಂದಿರಬಹುದೆಂದು ಆಹಾರ ಚರಿತ್ರೆ ಬರೆದ ಕೆ. ಟಿ. ಅಚ್ಚಯ ಊಹಿಸಿದ್ದರು, ಅದು ಊಹೆಯೇ ಹೊರತು ಸಿದ್ಧವಾದ ಮಾತಲ್ಲ. ಸಿದ್ಧವಾದದ್ದೆಂದರೆ ಇಷ್ಟು: ಇಡ್ಲಿಯ ಪಾಕ ಸಾವಿರ ವರ್ಷಗಳಲ್ಲಿ ಎಷ್ಟೋ ಬದಲಾಯಿತು, ಉದ್ದನ್ನು ನುಣ್ಣಗೆ ಅರೆಯುವ ಮೊದಲ ಹೆಜ್ಜೆ ಬದಲಾಗಲಿಲ್ಲ.

ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಕಲ್ಲಹಳ್ಳಿಯ ಮೂರನೆಯ ಮಂಗರಸ ಪಾಕಶಾಸ್ತ್ರವನ್ನೇ ಕಾವ್ಯವಾಗಿಸಿ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ ಬರೆದ. ಹಿಟ್ಟಿನ ತಿಂಡಿಗಳಿಗೆ, ಪಾನಕಗಳಿಗೆ, ಅನ್ನದ ಬಗೆಗಳಿಗೆ, ಬದನೆ ಮೊದಲಾದ ಕಾಯಿಪಲ್ಲೆಗಳಿಗೆ ಅಲ್ಲಿ ಬೇರೆ ಬೇರೆ ಅಧ್ಯಾಯಗಳಿವೆ. ಒಬ್ಬ ಪಾಳೆಯಗಾರ ಮನೆತನದ ಕವಿ ಬದನೆಕಾಯಿಯ ಬಗ್ಗೆ ಇಷ್ಟೊಂದು ಪದ್ಯ ಕಟ್ಟಿದನಲ್ಲ ಎಂದು ನಾವು ಹೆಮ್ಮೆಪಡಬಹುದು.

ಆದರೂ ಈ ಗ್ರಂಥಗಳನ್ನು ಓದುವಾಗ ಒಂದು ವಿಷಯ ಕಣ್ಣಿಗೆ ಬೀಳದೆ ಇರದು. ಏನು ಹಾಕಬೇಕೆಂದು ಅವು ಹೇಳುತ್ತವೆ. ಅರೆದವರು ಯಾರು, ಎಷ್ಟು ಹೊತ್ತು ಅರೆದರು, ನುಣ್ಣಗಾಯಿತೆಂದು ಅವರಿಗೆ ಹೇಗೆ ತಿಳಿಯಿತು ಎಂಬುದನ್ನು ಹೇಳುವುದಿಲ್ಲ. ಬರೆದವರು ಉಣ್ಣುವ ಕಡೆಯವರು. ಕುಟ್ಟುವ ಕಡೆಯವರಲ್ಲಿ ಹೆಸರು ಉಳಿಸಿಕೊಂಡವರು ತೀರ ವಿರಳ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕೊಟ್ಟಣದ ಸೋಮಮ್ಮ ಎಂಬಾಕೆ ಇದ್ದಳು. ಕೊಟ್ಟಣವೆಂದರೆ ಭತ್ತ ಕುಟ್ಟುವ ಕೂಲಿ; ಅದೇ ಆಕೆಯ ಕಾಯಕ. ಆಕೆಯ ಒಂದೇ ಒಂದು ವಚನ ನಮಗೆ ದೊರೆತಿದೆ. ಒನಕೆ ಹಿಡಿದ ಕೈಯ ಹೆಸರು ಎಂಟುನೂರು ವರ್ಷ ಉಳಿದದ್ದು ಶರಣರು ಕಾಯಕಕ್ಕೆ ಕೊಟ್ಟ ಮರ್ಯಾದೆಯಿಂದ. ಬೇರೆ ಯಾವ ದರಬಾರೂ ಆ ಮರ್ಯಾದೆ ಕೊಟ್ಟಂತಿಲ್ಲ.

ಕಲ್ಲು ಕಟೆಯುವವರು, ಕಕ್ಕು ಹೊಡೆಯುವವರು

ರುಬ್ಬುವ ವಿದ್ಯೆ ಕಲ್ಲು ಕಟೆಯುವವನಿಂದ ಶುರುವಾಗುತ್ತದೆ. ಎಲ್ಲ ಕಲ್ಲೂ ಈ ಕೆಲಸಕ್ಕೆ ಆಗುವುದಿಲ್ಲ. ಮೆದುವಾದದ್ದಾದರೆ ಹಿಟ್ಟಿಗೆ ಮರಳು ಬೆರೆಯುತ್ತದೆ. ಬಿರುಕಿದ್ದರೆ ಚಳಿಗಾಲದ ಒಂದು ಬೆಳಿಗ್ಗೆ ಎರಡು ಹೋಳಾಗುತ್ತದೆ. ಉಳಿಯ ಹಿಂಭಾಗದಿಂದ ತಟ್ಟಿ ನಾದ ಕೇಳಿಯೇ ಕುಶಲಿಗಳು ಕಲ್ಲನ್ನು ಆರಿಸುತ್ತಿದ್ದರು. ಕುಳಿಯ ಆಳಕ್ಕೆ ಗುಂಡಿನ ಹೊಟ್ಟೆ ಸರಿಯಾಗಿ ಕೂರಬೇಕು. ಬಿಗಿಯಾದರೆ ತಿರುಗದು, ಸಡಿಲವಾದರೆ ಕಾಳು ಪಕ್ಕಕ್ಕೆ ಜಾರಿ ಅರೆಯದೆ ಉಳಿಯುತ್ತದೆ.

ಹೊಸ ಕಲ್ಲನ್ನು ತಂದ ಕೂಡಲೇ ಅಡುಗೆಗೆ ಬಳಸುವಂತಿರಲಿಲ್ಲ. ನುಚ್ಚು, ತೌಡು, ಇಲ್ಲವೆ ಉಪ್ಪಿನ ಹರಳು ಹಾಕಿ ಮತ್ತೆ ಮತ್ತೆ ರುಬ್ಬಿ ಚೆಲ್ಲಿ, ಕಲ್ಲಿನ ಪುಡಿ ಬರುವುದು ಪೂರ್ತಿ ನಿಂತ ಮೇಲೆ ಅದು ಅಡುಗೆಮನೆಗೆ ಸೇರುತ್ತಿತ್ತು. ಕೆಲವು ತಿಂಗಳು ಕಳೆದರೆ ಒಳಮೈ ನುಣುಪಾಗಿ ಕಾಳು ಜಾರತೊಡಗುತ್ತದೆ. ಆಗ ಕಕ್ಕು ಹೊಡೆಸಬೇಕು. ಸಣ್ಣ ಉಳಿಯಿಂದ ಕುಳಿಯ ತುಂಬ ಒತ್ತೊತ್ತಾಗಿ ಚುಕ್ಕೆ ಕೊರೆದು ಕಲ್ಲಿಗೆ ಮತ್ತೆ ಹಲ್ಲು ಬರಿಸುವ ಕೆಲಸ ಇದು. ಭೋವಿ ಸಮಾಜದ ಗಂಡಸರು ಹೆಂಗಸರು ಉಳಿ ಸುತ್ತಿಗೆಯ ಚೀಲ ಹೆಗಲಿಗೆ ಹಾಕಿಕೊಂಡು ಬೀದಿ ಬೀದಿ ಕೂಗುತ್ತ ಬರುತ್ತಿದ್ದರು. ಮುಂಬಯಿ ಪುಣೆಗಳಲ್ಲಿ ಹಳಬರಿಗೆ ಟಾಕಿ ಹಾಕುವವರ ಕೂಗು ನೆನಪಿದ್ದೀತು. ಅದೂ ಇದೇ ಕಸುಬು. ಚುಕ್ಕೆ ಆಳವಾದರೆ ಹಿಟ್ಟು ಒಳಗೆ ಕೂತು ಹಳಸುತ್ತದೆ, ಮೇಲೆ ಮೇಲಾದರೆ ವಾರಕ್ಕೆ ಸವೆಯುತ್ತದೆ. ಇವೆರಡರ ನಡುವಿನ ಪೆಟ್ಟನ್ನು ಆ ಕೈಗಳು ಬಲ್ಲವಾಗಿದ್ದವು. ಪಡಿ ಅಕ್ಕಿಗೋ ಚಿಲ್ಲರೆ ಕಾಸಿಗೋ ಆ ಕೆಲಸ ನಡೆಯುತ್ತಿತ್ತು.

ಹಿಟ್ಟು ಹದವಾಯಿತೆಂದು ತಿಳಿಯುವುದು ಹೇಗೆ

ಈಗ ಕಲ್ಲಿನ ಮುಂದೆ ಕುಳಿತವರ ವಿದ್ಯೆಗೆ ಬರೋಣ. ಇಡ್ಲಿಗೆ ಉದ್ದನ್ನೂ ಅಕ್ಕಿಯನ್ನೂ ಬೇರೆ ಬೇರೆಯಾಗಿ ರುಬ್ಬುತ್ತಾರೆ. ಉದ್ದು ನುಣ್ಣಗಾಗಬೇಕು, ಅಕ್ಕಿ ರವೆರವೆಯಾಗಿರಬೇಕು. ಉದ್ದಿಗೆ ನೀರನ್ನು ಒಮ್ಮೆಲೆ ಹೊಯ್ಯಬಾರದು. ಬಲಗೈ ಗುಂಡನ್ನು ತಿರುಗಿಸುತ್ತಿರುವಂತೆ ಎಡಗೈ ಹಿಟ್ಟನ್ನು ಕುಳಿಯತ್ತ ತಳ್ಳುತ್ತ, ಆಗಾಗ ಬೆರಳ ತುದಿಯಿಂದ ನೀರು ಚಿಮುಕಿಸುತ್ತಿರಬೇಕು. ಸ್ವಲ್ಪ ಹೊತ್ತಿನಲ್ಲಿ ಹಿಟ್ಟು ಉಬ್ಬಿ ಬರುತ್ತದೆ, ಗುಂಡಿನ ಸದ್ದು ಬದಲಾಗುತ್ತದೆ. ಮೊದಲಿದ್ದ ಗರಗರ ಅಡಗಿ ಮೆತ್ತನೆಯ ಸದ್ದು ಬಂದರೆ ಕೈ ನಿಲ್ಲಿಸುವ ಹೊತ್ತು ಹತ್ತಿರ ಬಂತೆಂದು ಅರ್ಥ. ಕೊನೆಯ ಪರೀಕ್ಷೆ ನೀರಿನ ಬಟ್ಟಲಲ್ಲಿ. ಒಂದು ಚಿಟಿಕೆ ಹಿಟ್ಟು ನೀರಿಗೆ ಬಿಟ್ಟರೆ ತೇಲಬೇಕು. ಮುಳುಗಿದರೆ ಇನ್ನೂ ತಿರುವಬೇಕು.

ವಿಜ್ಞಾನಿಗಳು ಇದಕ್ಕೆ ಕಾರಣ ಹುಡುಕಿದ್ದು ತಡವಾಗಿ. ಉದ್ದಿನಲ್ಲಿರುವ ಪ್ರೋಟೀನು ಮತ್ತು ಅಂಟಿನಂಥ ವಸ್ತು ಗಾಳಿಯ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಾಳಿನ ಮೇಲೇ ಇರುವ ಲ್ಯೂಕೋನಾಸ್ಟಾಕ್ ಎಂಬ ಸೂಕ್ಷ್ಮಜೀವಿ ರಾತ್ರಿಯೆಲ್ಲ ಬೆಳೆದು ಹುಳಿಯನ್ನೂ ಅನಿಲವನ್ನೂ ಹುಟ್ಟಿಸುತ್ತದೆಂದು ೧೯೬೫ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿಕೊಟ್ಟಿತು. ಕಲ್ಲು ನಿಧಾನವಾಗಿ ಒತ್ತಿ ತೇಯುವುದರಿಂದ ಹಿಟ್ಟು ಬಿಸಿಯಾಗುವುದಿಲ್ಲ. ತಿರುಗಿದಷ್ಟೂ ಗಾಳಿ ಒಳಗೆ ಸೇರುತ್ತದೆ. ತೇಲುವ ಚಿಟಿಕೆ ಹೇಳುತ್ತಿದ್ದುದು ಇದನ್ನೇ. ನಮ್ಮ ಅಜ್ಜಿಯರು ಸೂಕ್ಷ್ಮಜೀವಿಯ ಹೆಸರು ಕೇಳಿರಲಿಲ್ಲ, ಆದರೆ ಅದನ್ನು ಪಳಗಿಸಿಟ್ಟುಕೊಂಡಿದ್ದರು.

ಇದು ಬರೀ ಇಡ್ಲಿಯ ಮಾತಲ್ಲ. ನೀರುದೋಸೆಗೆ ಉದ್ದೇ ಇಲ್ಲ. ಅಲ್ಲಿ ಅಕ್ಕಿ ಬೆಣ್ಣೆಯಂತಾಗಬೇಕು. ಕಾಯಿಚಟ್ನಿಗೆ ತರಿ ಬೇಕು, ಸಾಂಬಾರಿನ ಮಸಾಲೆಗೆ ನುಣುಪು ಬೇಕು. ಬಯಲುಸೀಮೆಗೆ ಹೋದರೆ ಬೀಸುವ ಕಲ್ಲಿನ ರಾಜ್ಯ. ಜೋಳದ ಹಿಟ್ಟು ಹಳತಾದರೆ ರೊಟ್ಟಿ ತಟ್ಟುವಾಗ ಅಂಚು ಸೀಳುತ್ತದೆ. ಆದ್ದರಿಂದ ಆಯಾ ದಿನಕ್ಕೆ ಬೇಕಾದಷ್ಟನ್ನು ಬೆಳಗಿನ ಜಾವ ಬೀಸಿಕೊಳ್ಳುವುದು ವಾಡಿಕೆ. ಬೀಸುವ ಪದಗಳು ಹುಟ್ಟಿದ್ದು ಆ ಜಾವದಲ್ಲಿ. ಧಾರವಾಡ ವಿಜಾಪುರಗಳ ಶೇಂಗಾ ಚಟ್ನಿಯನ್ನು ಒರಳಿನಲ್ಲಿ ಕುಟ್ಟಿದರೆ ಎಣ್ಣೆ ಬಿಟ್ಟು ಮುದ್ದೆಗಟ್ಟುತ್ತದೆ, ಯಂತ್ರದ ಅಲಗಿಗೆ ಕೊಟ್ಟರೆ ಒಣ ಪುಡಿಯಾಗುತ್ತದೆ. ಮೈಸೂರು ಸೀಮೆಯ ಮುದ್ದೆಗೆ ರಾಗಿಕಲ್ಲಿನ ಹಿಟ್ಟೇ ಆಗಬೇಕೆಂದು ಹಟ ಹಿಡಿಯುವವರು ಇಂದಿಗೂ ಇದ್ದಾರೆ. ಸೀಮೆ ಸೀಮೆಗೂ ಕಲ್ಲು ಬೇರೆ, ಹದ ಬೇರೆ. ಹದ ಬಲ್ಲವರಿಗೆ ಇದ್ದ ಗೌರವ ಮಾತ್ರ ಎಲ್ಲ ಕಡೆ ಒಂದೇ.

ಬೆನ್ನಿನ ಮೇಲೆ ಕಟ್ಟಿದ ಹೋಟೆಲುಗಳು

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ನ್ಯಾಯವಾಗದು. ಹತ್ತು ಹನ್ನೆರಡು ಮಂದಿಯ ಕೂಡುಕುಟುಂಬದಲ್ಲಿ ದೋಸೆಯೆಂದರೆ ಸೊಸೆಯಂದಿರಿಗೆ ಹಿಂದಿನ ಸಂಜೆ ಗಂಟೆಗಟ್ಟಲೆ ಕಲ್ಲಿನ ಮುಂದೆ ಕೂರುವ ಶಿಕ್ಷೆ. ಹಬ್ಬ ತಿಥಿಗಳಲ್ಲಿ ಅದು ಇಮ್ಮಡಿ ಮುಮ್ಮಡಿ. ಉಂಡವರು ಅಡುಗೆಯನ್ನು ಹೊಗಳುತ್ತಿದ್ದರು. ಭುಜದ ನೋವನ್ನು ಕೇಳಿದವರು ಕಡಿಮೆ.

ಮನೆಯಲ್ಲಿ ಹೆಂಗಸರ ಪಾಲಿಗಿದ್ದ ಈ ಕೆಲಸ ಹೋಟೆಲಿನಲ್ಲಿ ಹುಡುಗರ ಪಾಲಿಗೆ ಬಂತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದಕ್ಷಿಣ ಕನ್ನಡದ ಬಡತನ, ಭೂಮಿ ಸಾಲದ ದೊಡ್ಡ ಕುಟುಂಬಗಳು, ಅದರ ಮೇಲೆ ೧೯೨೩ರ ಮಹಾಪೂರ, ಇವೆಲ್ಲ ಸೇರಿ ಹತ್ತು ಹನ್ನೆರಡರ ಪ್ರಾಯದ ಮಕ್ಕಳನ್ನೂ ಮುಂಬಯಿ, ಮದರಾಸು, ಬೆಂಗಳೂರುಗಳಿಗೆ ಅಟ್ಟಿದವು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಬೆಂಗಳೂರಿನ ಹೋಟೆಲಿನಿಂದ ಹಣ ಕಂಡ ಶೀನಮಯ್ಯನ ಮನೆಯವರ ಚಿತ್ರವಿದೆ, ಓದಿದವರಿಗೆ ನೆನಪಿದ್ದೀತು. ಬಂದ ಹುಡುಗನಿಗೆ ಮೊದಲ ಕೆಲಸ ಲೋಟ ತೊಳೆಯುವುದು, ಮೇಜು ಒರೆಸುವುದು. ಮೈಯಲ್ಲಿ ಸ್ವಲ್ಪ ಕಸುವು ಕಂಡರೆ ರುಬ್ಬುವ ಕಲ್ಲು. ಹೋಟೆಲಿನ ಕಲ್ಲೆಂದರೆ ಮನೆಯ ಕಲ್ಲಿನ ಅಣ್ಣ. ಗುಂಡಿನ ತಲೆಗೆ ಮರದ ಹಿಡಿ ಬಿಗಿದು ಮಧ್ಯಾಹ್ನದಿಂದ ರಾತ್ರಿಯವರೆಗೆ ತಿರುವಿದರೆ ಮರುದಿನದ ತಿಂಡಿಗೆ ಹಿಟ್ಟು. ಅಲ್ಲಿಂದ ಒಲೆಯ ಬಳಿಗೆ, ಒಲೆಯಿಂದ ಗಲ್ಲಾದ ಬಳಿಗೆ, ಅದೃಷ್ಟವಿದ್ದವರು ಸ್ವಂತ ಹೋಟೆಲಿಗೆ ಏರಿದರು. ಹಗಲು ದುಡಿದು ಇರುಳು ಕನ್ನಡ ರಾತ್ರಿಶಾಲೆಗಳ ಬೆಂಚಿನಲ್ಲಿ ನಿದ್ದೆ ತಡೆದುಕೊಂಡು ಓದಿ ಮುಂದೆ ಬಂದವರೂ ಹಲವರು.

ಆ ಏಣಿ ಹತ್ತಿದವರ ಕೆಲವು ಹೆಸರುಗಳು ಚರಿತ್ರೆಯಲ್ಲಿವೆ. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು ೧೯೨೪ರಲ್ಲಿ ಬೆಂಗಳೂರಿನಲ್ಲಿ ತೆರೆದ ಕಾಫಿ ಕ್ಲಬ್ಬು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ಕಡಂದಲೆಯ ಕೃಷ್ಣರಾಯರು ಮದರಾಸಿಗೆ ಹೋಗಿ ಕೆಳಗಿನ ಕೆಲಸದಿಂದಲೇ ಆರಂಭಿಸಿ ೧೯೩೦ರ ದಶಕದ ಕೊನೆಯಲ್ಲಿ ವುಡ್‌ಲ್ಯಾಂಡ್ಸ್ ಸ್ಥಾಪಿಸಿದರು. ೧೯೬೨ರಲ್ಲಿ ಆರಂಭವಾದ ಅವರ ಡ್ರೈವ್-ಇನ್ ಹೋಟೆಲು ೨೦೦೮ರವರೆಗೆ ನಡೆಯಿತು. ಮುಂಬಯಿಯ ಮಾಟುಂಗಾದಲ್ಲಿ ೧೯೪೨ರಲ್ಲಿ ಎ. ರಾಮ ನಾಯಕರು ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದು ಬಾಳೆಯೆಲೆಯ ಊಟವನ್ನು ರೈಲ್ವೆ ನಿಲ್ದಾಣದ ಎದುರಿಗೇ ತಂದಿಟ್ಟರು. ಇಂಥ ಹತ್ತಾರು ಮನೆತನಗಳ ಸಾಹಸ ನಮಗೆಲ್ಲ ಅಭಿಮಾನದ ವಿಷಯ. ಆದರೆ ಒಬ್ಬ ಯಜಮಾನನ ಹೆಸರು ಹಲಗೆಯ ಮೇಲೆ ಬರಬೇಕಾದರೆ ಎಷ್ಟು ಜನ ಕಲ್ಲಿನ ಮುಂದೆ ಕುಳಿತಿರಬೇಕು? ಅವರ ಹೆಸರು ಯಾವ ಹಲಗೆಯ ಮೇಲೂ ಇಲ್ಲ. ಪರವೂರಿನ ಗಿರಾಕಿಯ ನಾಲಗೆಗೆ ಉಡುಪಿಯ ಇಡ್ಲಿ ಹಿಡಿಸಿದ್ದು ಅವರ ತೋಳಿನ ಬಲದಿಂದ, ಅವರ ಬೆರಳ ಹದದಿಂದ.

ಯಂತ್ರ ಬಂದ ಮೇಲೆ

ಕಲ್ಲಿನ ಹಂಗು ತಪ್ಪಿಸುವ ಒಂದು ಪ್ರಯತ್ನ ಬೆಂಗಳೂರಿನಲ್ಲಿ ನಡೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಿಂದ ಇಡ್ಲಿ ಮಾಡಿ ನೋಡಿದೆವೆಂದು ಮಾವಳ್ಳಿ ಟಿಫಿನ್ ರೂಮ್ಸಿನವರು ಹೇಳಿಕೊಂಡು ಬಂದಿದ್ದಾರೆ. ಅಕ್ಕಿಯ ಕೊರತೆಗೆ ಹುಟ್ಟಿದ ರವೆ ಇಡ್ಲಿಗೆ ಮೊಸರು ಸೋಡಾ ಸಾಕು, ಕಲ್ಲೂ ಬೇಡ, ರಾತ್ರಿಯ ಹುದುಗೂ ಬೇಡ.

ನಿಜವಾದ ಬದಲಾವಣೆ ಬಂದದ್ದು ಕೊಯಮತ್ತೂರಿನಿಂದ. ನೀರೆತ್ತುವ ಪಂಪು, ಮೋಟಾರುಗಳ ತಯಾರಿಕೆಗೆ ಹೆಸರಾದ ಆ ಊರಿನಲ್ಲಿ ೧೯೫೫ರಲ್ಲಿ ಪಿ. ಸಭಾಪತಿ ಎಂಬವರು ವಿದ್ಯುತ್ತಿನ ರುಬ್ಬುವ ಯಂತ್ರ ರೂಪಿಸಿದರು. ಅದರಲ್ಲಿ ಕಲ್ಲು ಉಳಿಯಿತು, ಕೈ ಬಿಡುಗಡೆಯಾಯಿತು. ಮನೆಯಲ್ಲಿ ಒರಳು ಸುಮ್ಮನಿದ್ದು ಗುಂಡು ತಿರುಗುತ್ತಿತ್ತು. ಯಂತ್ರದಲ್ಲಿ ಗುಂಡು ನಿಂತು ಒರಳೇ ತಿರುಗಿತು. ಮೊದಲು ಹೋಟೆಲುಗಳು ಕೊಂಡವು, ಆಮೇಲೆ ಚಿಕ್ಕ ಅಳತೆಯವು ಮನೆಗಳಿಗೆ ಬಂದವು. ಇಂದು ಕೊಯಮತ್ತೂರಿನ ವೆಟ್ ಗ್ರೈಂಡರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಇನ್ನೊಂದು ಯಂತ್ರ ಹುಟ್ಟಿದ್ದು ಮುಂಬಯಿಯಲ್ಲೇ. ಸತ್ಯಪ್ರಕಾಶ ಮಾಥುರ್ ಎಂಬ ಇಂಜಿನಿಯರರ ಪತ್ನಿ ಮಾಧುರಿಯವರ ವಿದೇಶೀ ಬ್ಲೆಂಡರು ನಮ್ಮ ಕಾಳು ಮಸಾಲೆಗಳ ಭಾರ ತಡೆಯಲಾರದೆ ಕೆಟ್ಟಿತು. ಹಣ್ಣಿನ ರಸಕ್ಕೆಂದು ಮಾಡಿದ ಯಂತ್ರ ಉದ್ದು ಅರಿಶಿನಗಳ ಮುಂದೆ ನಿಲ್ಲುವುದೆಂತು? ಮಾಥುರರು ಗಟ್ಟಿಯಾದ ಮೋಟಾರು ಕೂಡಿಸಿ ತಾವೇ ಒಂದನ್ನು ಕಟ್ಟಿದರು. ೧೯೬೩ರಲ್ಲಿ ಆರಂಭವಾದ ಸುಮೀತ್ ಮಿಕ್ಸರಿನ ಕಥೆ ಇದು. ಚಾಳಿನ ಒಂದೂವರೆ ಕೋಣೆಯಲ್ಲಿ, ಮೂರನೆಯ ಮಹಡಿಯಲ್ಲಿ, ಒರಳು ಇಡಲು ಜಾಗವೂ ಇಲ್ಲದೆ, ಇಟ್ಟರೂ ಕೆಳಗಿನ ಮನೆಯವರು ಸದ್ದಿಗೆ ಜಗಳವಾಡುತ್ತಿದ್ದ ಕಾಲದಲ್ಲಿ ಈ ಯಂತ್ರ ನಮ್ಮ ಗೃಹಿಣಿಯರಿಗೆ ವರವೇ ಆಯಿತು. ನೌಕರಿಗೆ ಹೋಗುವ ಹೆಣ್ಣುಮಕ್ಕಳ ಬೆಳಗಿನ ಒಂದು ಗಂಟೆ ಉಳಿದದ್ದೇನು ಸಣ್ಣ ಲಾಭವೇ?

ಈಚಿನ ವರ್ಷಗಳಲ್ಲಿ ರುಬ್ಬಿದ ಹಿಟ್ಟೇ ಪೊಟ್ಟಣದಲ್ಲಿ ಅಂಗಡಿಗೆ ಬರುತ್ತಿದೆ. ಅದನ್ನು ಹೀಗಳೆಯುವ ಅಗತ್ಯವಿಲ್ಲ. ಹಿಂದೆಯೂ ನೆರೆಮನೆಯಿಂದ ಹಿಟ್ಟು ಕಡ ತಂದು ದೋಸೆ ಮಾಡಿದ್ದುಂಟು.

ಉಳಿಸಿಕೊಳ್ಳಬೇಕಾದದ್ದು

ಹಾಗಾದರೆ ಹೋದದ್ದೇನು, ಉಳಿದದ್ದೇನು? ಯಂತ್ರ ತೋಳಿನ ಕೆಲಸವನ್ನು ತಾನು ತೆಗೆದುಕೊಂಡಿತು. ತೀರ್ಮಾನದ ಕೆಲಸವನ್ನು ಮನುಷ್ಯನಿಗೇ ಬಿಟ್ಟಿತು. ಎಷ್ಟು ನೀರು, ಎಷ್ಟು ಹೊತ್ತು, ಯಾವಾಗ ನಿಲ್ಲಿಸಬೇಕು ಎಂಬುದು ಗುಂಡಿಯನ್ನು ಒತ್ತುವವರಿಗೇ ಗೊತ್ತಿರಬೇಕು. ಮಿಕ್ಸರಿನ ಅಲಗು ಬೇಗ ಬಿಸಿಯಾಗುತ್ತದೆಂದು ಕಂಡುಕೊಂಡು ಉದ್ದಿಗೆ ತಣ್ಣೀರು ಹಾಕಿ, ನಡುನಡುವೆ ನಿಲ್ಲಿಸಿ ತಿರುವುವುದನ್ನು ನಮ್ಮ ಹೆಂಗಸರಿಗೆ ಯಾವ ಕೈಪಿಡಿಯೂ ಕಲಿಸಲಿಲ್ಲ. ಮುಂಬಯಿ ಚೆನ್ನೈಗಳ ಸೆಕೆಗೆ ಹಿಟ್ಟು ಬೇಗ ಹುಳಿಯುತ್ತದೆಂದು ರಾತ್ರಿ ತಡವಾಗಿ ರುಬ್ಬುವುದು, ದೆಹಲಿಯ ಚಳಿಗೆ ಉಬ್ಬುವುದಿಲ್ಲವೆಂದು ಪಾತ್ರೆಗೆ ಕಂಬಳಿ ಸುತ್ತಿ ಬೆಚ್ಚಗಿನ ಮೂಲೆಯಲ್ಲಿಡುವುದು, ಇವು ಪರವೂರಿನಲ್ಲಿ ನಮ್ಮವರು ಆ ಹಳೆಯ ವಿದ್ಯೆಗೆ ಸೇರಿಸಿದ ಹೊಸ ಪಾಠಗಳು. ಕಲ್ಲು ಬಿಟ್ಟು ಬಂದವರ ಕೈಯಲ್ಲಿ ಅಳತೆ ಉಳಿದಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಆ ಅಳತೆ ಮುಂದಿನ ತಲೆಮಾರಿಗೆ ದಾಟುವುದು ಮಾತಿನ ಮೂಲಕ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಎಲ್ಲವೂ ‘ಗ್ರೈಂಡ್ ಮಾಡುವುದು’. ಕುಟ್ಟುವುದೂ ಅದೇ, ಅರೆಯುವುದೂ ಅದೇ, ಬೀಸುವುದೂ ಅದೇ. ಮಾತು ಒಂದಾದರೆ ಕೆಲಸವೂ ಒಂದಾಗುತ್ತದೆ. ಚಟ್ನಿಯೂ ಮಸಾಲೆಯೂ ಒಂದೇ ಹದದ ಗೊಜ್ಜಾಗುತ್ತವೆ. ತರಿತರಿ ಎಂಬ ಮಾತು ಗೊತ್ತಿಲ್ಲದವನಿಗೆ ತರಿತರಿಯಾಗಿ ರುಬ್ಬು ಎಂದು ಹೇಳುವುದು ಹೇಗೆ? ಕನ್ನಡ ಉಳಿಸಬೇಕೆಂದು ನಾವು ಸಭೆಗಳಲ್ಲಿ ಠರಾವು ಮಾಡುತ್ತೇವೆ, ಭಾನುವಾರದ ತರಗತಿಗಳಲ್ಲಿ ಅಕ್ಷರಮಾಲೆ ತಿದ್ದಿಸುತ್ತೇವೆ. ಅದು ಬೇಕಾದದ್ದೇ. ಅದರ ಜೊತೆಗೆ ವಾರಕ್ಕೊಮ್ಮೆ ಇಡ್ಲಿಗೆ ರುಬ್ಬುವ ಹೊತ್ತಿಗೆ ಮಗನನ್ನೋ ಮಗಳನ್ನೋ ಹತ್ತಿರ ಕರೆದು, ಹಿಟ್ಟಿನಲ್ಲಿ ಬೆರಳಾಡಿಸಿ ಇದು ತರಿ, ಇದು ನುಣುಪು ಎಂದು ತೋರಿಸಿ, ಒಂದು ಚಿಟಿಕೆಯನ್ನು ನೀರಿನಲ್ಲಿ ತೇಲಿಸಿ ತೋರಿಸಿದರೆ ಅದೂ ಒಂದು ಕನ್ನಡ ಪಾಠವೇ.

ನಮ್ಮ ಸಂಘಗಳ ಮಹಿಳಾ ವಿಭಾಗಗಳು ವರ್ಷಕ್ಕೊಮ್ಮೆ ಪಾಕಸ್ಪರ್ಧೆ ನಡೆಸುತ್ತವೆ. ರುಚಿ ನೋಡಿ ಬಹುಮಾನ ಕೊಟ್ಟು ಮುಗಿಸುವ ಬದಲು, ಹಿರಿಯರಿಬ್ಬರನ್ನು ಕೂರಿಸಿಕೊಂಡು ಅವರ ಊರಿನ ಕಲ್ಲುಗಳ ಹೆಸರು, ಹದದ ಮಾತು, ಹದ ತಪ್ಪಿದರೆ ಸರಿಮಾಡುವ ಉಪಾಯ ಇಷ್ಟನ್ನು ಬರೆದುಕೊಳ್ಳಬಹುದು. ಹೋಟೆಲುಗಳಲ್ಲಿ ರುಬ್ಬಿ ಮುಪ್ಪಾದವರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಯಜಮಾನರ ಚರಿತ್ರೆ ಅಚ್ಚಾಗಿದೆ. ಇವರದೂ ಒಂದೆರಡು ಪುಟ ಬರಲಿ. ಕೊಟ್ಟಣದ ಸೋಮಮ್ಮನಿಗೆ ಸಿಕ್ಕಷ್ಟು ಜಾಗವಾದರೂ ಇವರಿಗೆ ಸಿಗಬೇಡವೆ? ಅವರು ಕೂತು ಮಾತಾಡುವಷ್ಟು ಗಟ್ಟಿಯಾಗಿರುವಾಗಲೇ ಈ ಕೆಲಸ ಆಗಬೇಕು.